ಐದು ಮೀಟರಿನ ಉಳಿತಾಯ

ಮೊದಲೇ ಹೇಳಿಬಿಡುತ್ತೇನೆ, ತಪ್ಪು ನನ್ನದು. ಕೇಬಲ್ಲಿನದಲ್ಲ, ಅಂಗಡಿಯವನದಲ್ಲ, ಕಣ್ಣಿನ ಡಾಕ್ಟರದಂತೂ ಅಲ್ಲವೇ ಅಲ್ಲ. ನನ್ನ ಗಂಡನ ಹತ್ತಿರ ಇದನ್ನು ಹೇಳಿದಾಗ ಅವರು, "ಹೋಗ್ಲಿ ಬಿಡೇ, ನೀನೇನು ಬೇಕು ಅಂತ ಮಾಡಿದ್ಯಾ?" ಅಂದರು. ಕೇಬಲ್ಲಿನ ವಿಷಯದಲ್ಲಿ ಬೇಕು ಅಂತ ಮಾಡಲಿಲ್ಲ, ನಿಜ. ಆದರೆ ಕೊನೆಯ ಹತ್ತು ದಿನ ಮಾಡಿದ್ದು ಬೇಕು ಅಂತಲೇ. ಆ ಹತ್ತು ದಿನದ ಮಾತು ಬಂದಾಗ ಅವರೂ "ಹೋಗ್ಲಿ ಬಿಡೇ" ಅನ್ನಲಿಲ್ಲ.

ನಾನು ಒಂದು ಹಾಸ್ಟೆಲ್ಲಿನ ಉಗ್ರಾಣ ನೋಡಿಕೊಳ್ಳುವವಳು. ಮುನ್ನೂರು ಹುಡುಗಿಯರಿಗೆ ಬೇಕಾದ ಸೋಪು, ಬಲ್ಬು, ಬಕೆಟ್ಟು, ಹೊದಿಕೆ, ಬಾಗಿಲ ಚಿಲಕ ಎಲ್ಲ ನನ್ನ ಕೈಯಿಂದಲೇ ಖರೀದಿ. ಹದಿನಾಲ್ಕು ವರ್ಷದಲ್ಲಿ ಒಬ್ಬ ವ್ಯಾಪಾರಿಯೂ ನನಗೆ ಟೋಪಿ ಹಾಕಿಲ್ಲ. ನಾನು ಮೆಟ್ಟಿಲು ಹತ್ತುವುದು ಕಂಡರೆ ಸಗಟು ಅಂಗಡಿಯವನು ಒಳಗಿದ್ದವರಿಗೆ "ಬಂದ್ರಪ್ಪೋ, ಹುಷಾರು" ಎಂದು ಕೂಗುತ್ತಾನೆ, ನನಗೂ ಕೇಳಿಸಲಿ ಎಂದೇ. ಅದನ್ನು ಕೇಳಿ ನಾನು ಬೀಗುತ್ತಿದ್ದೆ.

ಮನೆಯಲ್ಲಿ ನಾವು ಮೂವರೇ. ನನ್ನ ಗಂಡನಿಗೆ ಬೇಕರಿಯಲ್ಲಿ ಕೆಲಸ. ಬೆಳಗಿನ ನಾಲ್ಕಕ್ಕೆ ಹಿಟ್ಟು ನಾದಲು ಹೋಗಬೇಕಾದ್ದರಿಂದ ಸಂಜೆ ಏಳೂವರೆಗೆಲ್ಲ ಗೊರಕೆ ಶುರು. ಟೀವಿ ಇದೆಯೋ ಇಲ್ಲವೋ ಅವರಿಗೆ ಗೊತ್ತಿಲ್ಲ. ಇನ್ನೊಬ್ಬರು ಮಾವ. ಡ್ರೈವಿಂಗ್ ಸ್ಕೂಲಿನಲ್ಲಿ ಮೂವತ್ತೊಂದು ವರ್ಷದಿಂದ ಕಾರು ಕಲಿಸುತ್ತಿದ್ದವರು. ಮನೆಯ ಹೊರಗೆ ಎಲ್ಲರಿಗೂ ಅವರು ಮೇಷ್ಟ್ರು. ನನಗೂ ಕಾರು ಕಲಿಸಿದ್ದು ಅವರೇ. ಮದುವೆಯಾದ ಹೊಸತರಲ್ಲಿ ನಾನು ಹಿಂದಕ್ಕೆ ತೆಗೆಯಲು ಹೋಗಿ ನಮ್ಮದೇ ಗೇಟು ಕೆಡವಿದಾಗ, "ಅದು ಹೇಗೂ ಬೀಳೋದರಲ್ಲಿತ್ತು ಬಿಡಮ್ಮ" ಎಂದಿದ್ದರು. ಆ ಗೇಟು ಹಾಕಿಸಿ ಒಂದು ವರ್ಷವೂ ಆಗಿರಲಿಲ್ಲ.

ಹಳೆಯ ಟೀವಿ ಸತ್ತುಹೋಗಿ, ಈ ಸಲ ದೊಡ್ಡದೇ ಇರಲಿ ಎಂದು ಹೊಸ ಟೀವಿ, ಜೊತೆಗೆ ಎರಡು ಉದ್ದನೆಯ ಸ್ಪೀಕರು, ನನಗೆ ಸಿನಿಮಾ ನೋಡಲು ಒಂದು ಪ್ಲೇಯರು, ಎಲ್ಲ ತಂದೆವು. ಎಲ್ಲ ಗೋಡೆಗೇರಿದ ಮೇಲೆ ಉಳಿದದ್ದು ಟೀವಿಗೆ ಚಿತ್ರ ತರುವ ಕೇಬಲ್ಲು. ನಾನೇ ತರುತ್ತೇನೆ ಎಂದು ಹೊರಟೆ. ಕೇಬಲ್ಲಿನಲ್ಲಿ ಅಂಗಡಿಯವರು ಹೇಗೆ ಸುಲಿಯುತ್ತಾರೆ ಎಂದು ಹಾಸ್ಟೆಲ್ಲಿನ ಎಲೆಕ್ಟ್ರಿಷಿಯನ್ನಿನಿಂದ ಕೇಳಿ ಕೇಳಿ ನನಗೆ ಅರೆದು ಕುಡಿದಂತಾಗಿತ್ತು.

ಕೇಬಲ್ ಅಂಗಡಿಯವನು ಎರಡು ಕಡೆಯ ಅಳತೆ ಕೇಳಿದ. ನನ್ನ ಪ್ಲೇಯರ್ ಇದ್ದದ್ದು ಟೀವಿಯ ಕೆಳಗೇ, ಅದಕ್ಕೆ ಒಂದು ಮೀಟರ್ ಸಾಕು. ಮಾವನ ಚಾನೆಲ್ ಬಾಕ್ಸು ಮಾತ್ರ ಕಿಟಕಿಯ ಮೂಲೆಯಲ್ಲಿ. ಮೇಲಿನ ಡಿಶ್ಶಿನಿಂದ ಬರುವ ವೈರು ಅಲ್ಲೇ ಒಳಗೆ ಇಳಿಯುವುದು. ಅಲ್ಲಿಂದ ಬಾಗಿಲಿನ ಚೌಕಟ್ಟು ಸುತ್ತಿ ಟೀವಿ ಮುಟ್ಟಲು ಐದು ಮೀಟರ್ ಬೇಕು.

"ಮೇಡಂ, ಈ ಚಿನ್ನದ ಲೇಪ ಗಿನ್ನದ ಲೇಪ ಎಲ್ಲ ಬಿಟ್ಟಾಕಿ," ಅಂದ. "ಒಂದು ಮೀಟರಿಗೆ ಎಲ್ಲಕ್ಕಿಂತ ಅಗ್ಗದ್ದೇ ತಗೊಳ್ಳಿ, ಚಿತ್ರ ಒಂದೇ ಥರ ಬರುತ್ತೆ. ಆದ್ರೆ ಉದ್ದದ್ದಿದೆಯಲ್ಲ, ಅದಕ್ಕೆ ಮಾತ್ರ ಈ ದಪ್ಪಗಿರೋದು ತಗೊಳ್ಳಿ. ಇದು ಪರೀಕ್ಷೆ ಆಗಿ ಬಂದಿರೋದು. ತೆಳ್ಳಗಿನದು ಉದ್ದ ಹೋದಷ್ಟೂ ಕೈಕೊಡುತ್ತೆ."

ಓಹೋ, ದಾರಿಗೆ ಬಂದ, ಎಂದುಕೊಂಡೆ. ಸಣ್ಣದರಲ್ಲಿ ಬಿಟ್ಟುಕೊಟ್ಟು ನಂಬಿಕೆ ಹುಟ್ಟಿಸುವುದು, ದೊಡ್ಡದರಲ್ಲಿ ಬಾರಿಸುವುದು. ಈ ಆಟವನ್ನು ನಾನು ಸೋಪಿನಲ್ಲೂ ನೋಡಿದ್ದೇನೆ, ಹೊದಿಕೆಯಲ್ಲೂ ನೋಡಿದ್ದೇನೆ. ಹಾಗಾಗಿ ಅವನು ಹೇಳಿದ್ದನ್ನು ಪೂರಾ ತಿರುಗಿಸಿದೆ. ದಪ್ಪನೆಯ ಒಳ್ಳೆಯದನ್ನು ಒಂದು ಮೀಟರು ನನ್ನ ಪ್ಲೇಯರಿಗೆ ತೆಗೆದುಕೊಂಡೆ. ತೆಳ್ಳನೆಯ, ತೀರಾ ಅಗ್ಗದ ಐದು ಮೀಟರನ್ನು ಮಾವನ ಬಾಕ್ಸಿಗೆ ಹಾಕಿಸಿದೆ.

"ಅಲ್ಲ ಮೇಡಂ, ಉಲ್ಟಾ ಆಯ್ತಲ್ಲ," ಅಂದ ಅವನು.

"ನಮ್ಮ ಮಾವ ನೋಡೋದು ಕಪ್ಪು-ಬಿಳುಪು ಸಿನಿಮಾ ಕಣ್ರೀ. ಅದಕ್ಕೆ ಇಷ್ಟು ಸಾಕು."

ಹೀಗಂದೆ ನಾನು. ನನ್ನ ಬಾಯಿಂದ ಬಂದ ಮಾತುಗಳಲ್ಲಿ ಯಾವುದನ್ನಾದರೂ ವಾಪಸ್ ನುಂಗುವ ಹಾಗಿದ್ದರೆ ಇದನ್ನು ಮೊದಲು ನುಂಗುತ್ತಿದ್ದೆ. ಅಂಗಡಿಯವನು ಎರಡನ್ನೂ ಕವರಿಗೆ ಹಾಕಿಕೊಟ್ಟ. ಅವನ ಬಾಯಿ ಮುಚ್ಚಿಸಿದೆ ಎಂಬ ಖುಷಿಯಲ್ಲಿ ಮನೆಗೆ ಬಂದೆ.

ಮಾವನ ದಿನ ಹೀಗಿತ್ತು: ಬೆಳಿಗ್ಗೆ ನಾಲ್ಕು ಪಾಠ, ಮಧ್ಯಾಹ್ನ ಮನೆಗೆ ಬಂದು ಊಟ, ಒಂದು ಹಳೆಯ ಸಿನಿಮಾ, ಸಂಜೆ ಮತ್ತೆ ಮೂರು ಪಾಠ. ಮಧ್ಯಾಹ್ನ ಮನೆಯಲ್ಲಿ ಅವರೊಬ್ಬರೇ. ಮೂರನೆಯ ವಾರವೋ ಏನೋ, ಒಂದು ಸಂಜೆ ಹೇಳಿದರು, "ಅಮ್ಮ, ಟೀವೀಲಿ ಬಿಳಿ ಬಿಳಿ ಚುಕ್ಕೆ ಬರುತ್ತಲ್ಲ. ಮಿಂಚಿ ಮಿಂಚಿ ಹೋಗುತ್ತೆ. ಕತ್ತಲೆ ಸೀನಿದ್ದಾಗ ಜಾಸ್ತಿ."

ನಾನು ರಿಮೋಟ್ ತೆಗೆದುಕೊಂಡು ನನ್ನ ಪ್ಲೇಯರಿನ ಚಿತ್ರ ಹಾಕಿದೆ. ಗಾಜಿನ ಹಾಗೆ ಸ್ವಚ್ಛ. "ಎಲ್ಲಿ ಮಾವ, ತೋರ್ಸಿ ನೋಡೋಣ?" ಮಾವ ಕಣ್ಣು ಕಿರಿದು ಮಾಡಿ ನೋಡಿದರು. "ಈಗಿಲ್ಲಪ್ಪ" ಎಂದರು. ಪ್ಲೇಯರಿನದು ಒಂದು ದಾರಿ, ಬಾಕ್ಸಿನದು ಇನ್ನೊಂದು ದಾರಿ ಎಂಬುದು ಅವರಿಗೆ ತಿಳಿಯದು. ನನಗೆ ತಿಳಿದಿತ್ತು. ಆದರೆ ನನ್ನ ಖರೀದಿಯಲ್ಲಿ ಖೋಟಾ ಇರುತ್ತದೆ ಎಂಬುದು ನನ್ನ ತಲೆಗೆ ಹೊಳೆಯುವುದೇ ಇಲ್ಲವಲ್ಲ! ಅವರು ಎರಡನೆಯ ಸಲ ಹೇಳಿದಾಗ ಬಾಕ್ಸಿನ ಚಾನೆಲ್ಲನ್ನೂ ಎರಡು ನಿಮಿಷ ನೋಡಿದೆ. ಆಗ ಬರುತ್ತಿದ್ದದ್ದು ಯಾವುದೋ ಅಡುಗೆಯ ಕಾರ್ಯಕ್ರಮ, ಎಲ್ಲ ಬೆಳ್ಳಗೆ ಬೆಳಗುತ್ತಿತ್ತು. ಚುಕ್ಕೆ ಕಾಣಲಿಲ್ಲ.

ಮೂರನೆಯ ಸಲ ಹೇಳಿದಾಗ ನಾನು ಲೆಕ್ಕದ ಪುಸ್ತಕ ಮುಂದಿಟ್ಟುಕೊಂಡು ತಲೆ ಕೆಡಿಸಿಕೊಂಡಿದ್ದೆ. "ಟೀವಿ ಚೆನ್ನಾಗೇ ಇದೆ ಮಾವ. ನಿಮ್ಮ ಕಣ್ಣೇ ಇರ್ಬೇಕು, ವಯಸ್ಸಾಯ್ತಲ್ಲ," ಎಂದುಬಿಟ್ಟೆ.

"ಕಣ್ಣಾಗಿದ್ರೆ ರಸ್ತೇಲೂ ಕಾಣ್ಬೇಕಲ್ಲಮ್ಮ?"

"ಹಗಲು ಬೆಳಕಲ್ಲಿ ಗೊತ್ತಾಗಲ್ಲ. ಕಪ್ಪಿನ ಮೇಲೆ ಮಾತ್ರ ಗೊತ್ತಾಗೋದು."

ಇದನ್ನು ನಾನು ಎಲ್ಲಿಯೂ ಓದಿರಲಿಲ್ಲ. ಮಾತು ಮುಗಿಸಲು ಬಾಯಿಗೆ ಬಂದದ್ದನ್ನು ಹೇಳಿದೆ, ಅಷ್ಟೇ. ಮಾವ "ಹೂಂ" ಎಂದು ಎದ್ದುಹೋದರು. ಒಂದು ವಾರದ ಮೇಲೆ ಸಂಜೆಯ ಪಾಠ ಮುಗಿಸಿ ಬಂದವರು ಬೂಟನ್ನೂ ಬಿಚ್ಚದೆ ಬಾಗಿಲಲ್ಲೇ ಕುಳಿತರು. "ನೀನಂದಿದ್ದು ಸರಿ ಕಣಮ್ಮ. ಇವತ್ತು ಮುಸ್ಸಂಜೇಲಿ ಟಾರಿನ ಮೇಲೂ ಬಿಳೀದೇನೋ ಮಿಂಚಿತು," ಎಂದರು. ಅವರ ಮುಖ ಸಣ್ಣದಾಗಿತ್ತು.

ಕಣ್ಣಿನ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋದೆ. ಅವರು ಲೈಟು ಬಿಟ್ಟು ನೋಡಿದರು, ಯಂತ್ರದಲ್ಲಿ ಗದ್ದ ಇರಿಸಿ ನೋಡಿದರು. "ಒಳಗೆ ನನಗೇನೂ ಕಾಣಿಸ್ತಿಲ್ಲ. ಸ್ವಲ್ಪ ಒಣಗಿದೆ, ಅಷ್ಟೇ," ಎಂದರು. ಆಮೇಲೆ, "ಆದ್ರೆ ಮಿಂಚಿನ ಥರ ಬರುತ್ತೆ ಅಂತೀರಲ್ಲ, ಅದನ್ನ ಸುಮ್ನೆ ಬಿಡೋ ಹಾಗಿಲ್ಲ. ಎರಡು ತಿಂಗಳು ದಿನಾ ಸಂಜೆ ಡ್ರಾಪ್ಸ್ ಹಾಕಿ. ಅಲ್ಲೀವರೆಗೆ ಗಾಡಿ ಮುಟ್ಬೇಡಿ," ಎಂದು ಬರೆದುಕೊಟ್ಟರು. ಡಾಕ್ಟರು ತಾನೇ ಏನು ಮಾಡುತ್ತಾರೆ? ನಮ್ಮ ಮಾತು ನಂಬಿದರು.

ಮಾರನೆಯ ದಿನವೇ ಮಾವ ಸ್ಕೂಲಿನ ಓನರಿಗೆ ಹೇಳಿ ಬಂದರು. ಎರಡು ತಿಂಗಳ ರಜೆ ಕೇಳಿ ಎಂದು ನಾನು ಹೇಳಿ ಕಳಿಸಿದ್ದರೆ, ಬೇರೆಯವರನ್ನು ನೋಡಿಕೊಳ್ಳಿ ಎಂದೇ ಹೇಳಿ ಬಂದಿದ್ದರು.

"ಅಷ್ಟು ಅವಸರ ಯಾಕಪ್ಪ ಮಾಡಿದೆ?" ಎಂದು ನನ್ನ ಗಂಡ ರೇಗಿದರು.

ಮಾವ ನಿಧಾನವಾಗಿ ಹೇಳಿದರು, "ಕಲಿಯೋರಿಗೆ ಕಣ್ಣಿರಲ್ಲ ಕಣೋ. ಗಾಬರೀಲಿ ಎದುರಿಗೆ ಬಸ್ಸು ಬಂದ್ರೂ ಕಾಣಲ್ಲ ಅವ್ರಿಗೆ. ಅವರ ಪರವಾಗಿ ನೋಡೋದು ನಾನು. ನನ್ನ ಕಾಲ ಕೆಳಗೊಂದು ಬ್ರೇಕ್ ಇಟ್ಟಿರೋದು ಅದಕ್ಕೇ ತಾನೆ? ನಂಗೇ ಕಾಣ್ದೆ ಯಾರದಾದ್ರೂ ಮಗು ಅಡ್ಡ ಬಂದ್ರೆ?"

ಅದಾದ ಮೇಲೆ ಮಾವ ಬೆಳಿಗ್ಗೆ ಎದ್ದು ಗಡ್ಡ ಹೆರೆದು, ಇಸ್ತ್ರಿ ಅಂಗಿ ಹಾಕಿಕೊಂಡು, ಹೋಗಲು ಎಲ್ಲಿಯೂ ಇಲ್ಲದೆ ಹಾಲ್‌ನಲ್ಲಿ ಕೂರುತ್ತಿದ್ದರು. ಕಣ್ಣು ಸವೆಯುತ್ತದೆಂದು ಪೇಪರು ಓದುವುದನ್ನು ಬಿಟ್ಟರು. ಮಧ್ಯಾಹ್ನದ ಸಿನಿಮಾ ಮಾತ್ರ ಬಿಡಲಿಲ್ಲ. ಆದರೆ ಅವರು ನೋಡುತ್ತಿದ್ದದ್ದು ಸಿನಿಮಾ ಅಲ್ಲ, ಚುಕ್ಕೆ. ಸಂಜೆ ನಾನು ಬಂದ ಕೂಡಲೇ ವರದಿ ಒಪ್ಪಿಸುತ್ತಿದ್ದರು: "ಇವತ್ತು ಸ್ವಲ್ಪ ಕಮ್ಮಿ," "ಇವತ್ತು ಯಾಕೋ ಜಾಸ್ತಿ ಕಣಮ್ಮ." ನಾನು ಡ್ರಾಪ್ಸ್ ಹಾಕುತ್ತಿದ್ದೆ. ತಾವೇ ಹಾಕಿಕೊಂಡರೆ ಹನಿ ಕೆನ್ನೆಗೆ ಬೀಳುತ್ತದೆ ಎಂದು ಅವರು ಕುರ್ಚಿಯಲ್ಲಿ ತಲೆ ಹಿಂದಕ್ಕೆ ವಾಲಿಸಿ, ಎರಡು ಬೆರಳಿನಲ್ಲಿ ರೆಪ್ಪೆ ಬಿಡಿಸಿ, ಮಗುವಿನಂತೆ ನನ್ನ ಮುಖ ನೋಡುತ್ತಾ ಕೂರುತ್ತಿದ್ದರು.

ಏಳು ವಾರ ಕಳೆದಿರಬೇಕು. ಹಾಸ್ಟೆಲ್ಲಿಗೆ ಸುಣ್ಣ ಬಳಿಯಲು ಬಂದಿದ್ದರಿಂದ ನನಗೆ ಅರ್ಧ ದಿನ ರಜೆ ಸಿಕ್ಕಿತು. ಮಾವ ನಡೆದಾಡಲು ಹೋಗಿದ್ದರು. ಟೀವಿ ಹಾಗೇ ಉರಿಯುತ್ತಿತ್ತು. ಚಪ್ಪಲಿ ಬಿಟ್ಟು ಅವರ ಕುರ್ಚಿಯಲ್ಲೇ ಕುಸಿದೆ. ಹಳೆಯ ಸಿನಿಮಾ, ಗುಹೆಯೊಳಗೆ ಯಾರೋ ದೀಪ ಹಿಡಿದು ನಡೆಯುತ್ತಿದ್ದಾರೆ. ಆ ಕಪ್ಪಿನ ತುಂಬ ಬಿಳಿ ಚುಕ್ಕೆಗಳು ಚಿಟಿಚಿಟಿ ಎಂದು ಹಾರುತ್ತಿದ್ದವು.

ಅಯ್ಯೋ, ನನಗೂ ಶುರುವಾಯಿತಾ? ಅದೇ ನನಗೆ ಮೊದಲು ಬಂದ ಯೋಚನೆ. ಕಣ್ಣುಜ್ಜಿಕೊಂಡೆ. ಒಂದು ಕಣ್ಣು ಮುಚ್ಚಿ ನೋಡಿದೆ, ಇನ್ನೊಂದು ಮುಚ್ಚಿ ನೋಡಿದೆ. ಆಮೇಲೆ ಎದ್ದು ಹೋಗಿ ಬಾಗಿಲ ಚೌಕಟ್ಟಿನ ಹತ್ತಿರ ಆ ತೆಳ್ಳನೆಯ ಕೇಬಲ್ಲನ್ನು ಬೆರಳಿನಿಂದ ಒತ್ತಿದೆ. ಚುಕ್ಕೆ ಎರಡು ಪಟ್ಟಾಯಿತು. ಕೈ ಬಿಟ್ಟೆ, ಕಡಿಮೆಯಾಯಿತು. ಬಾಕ್ಸನ್ನು ಅದರ ವೈರು ಬರುವಷ್ಟು ದೂರ ಎಳೆದು ಸ್ಟೂಲಿನ ಮೇಲಿಟ್ಟೆ, ಗೋಡೆಯಿಂದ ಟೀವಿಯನ್ನೂ ಒಂದಿಷ್ಟು ಈಚೆಗೆ ತಿರುಗಿಸಿದೆ, ನನ್ನ ಪ್ಲೇಯರಿನ ಒಂದು ಮೀಟರು ಕೇಬಲ್ ಕಿತ್ತು ಎರಡರ ನಡುವೆ ಬಿಗಿಯಾಗಿ ಸಿಕ್ಕಿಸಿದೆ. ಗುಹೆ ಕಪ್ಪಗಿತ್ತು, ದೀಪ ಬೆಳ್ಳಗಿತ್ತು. ಒಂದೇ ಒಂದು ಚುಕ್ಕೆ ಇರಲಿಲ್ಲ.

ನೆಲದ ಮೇಲೆ ಕುಳಿತುಬಿಟ್ಟೆ. ಏಳು ವಾರ. ಇಸ್ತ್ರಿ ಅಂಗಿ ಹಾಕಿಕೊಂಡು ಕೂತ ಆ ಏಳು ವಾರಗಳನ್ನು ಆ ಮನುಷ್ಯನಿಗೆ ತಂದುಕೊಟ್ಟವಳು ನಾನು. ಟಾರಿನ ಮೇಲೆ ಅವರಿಗೆ ಕಂಡದ್ದು ಚುಕ್ಕೆಯಲ್ಲ, ನಾನು ಅವರ ತಲೆಗೆ ತುಂಬಿದ ಭಯ.

ಆಗಲೇ ಅವರು ಬರುವವರೆಗೆ ಕಾದು, ಹೀಗಾಯಿತು ಮಾವ ಎಂದು ಹೇಳಬೇಕಿತ್ತು. ನಾನು ಮಾಡಿದ್ದೇನು? ಓಡಿದೆ, ಕೇಬಲ್ ಅಂಗಡಿಗೆ. ಆ ಅಂಗಡಿಯವನು "ನಾನು ಆವತ್ತೇ ಹೇಳ್ಲಿಲ್ವಾ" ಎಂದಿದ್ದರೆ ಸ್ವಲ್ಪ ಹಗುರಾಗುತ್ತಿತ್ತೇನೋ. ಅವನು "ಅದೇ ಐದು ಮೀಟರಾ?" ಎಂದಷ್ಟೇ ಕೇಳಿ ದಪ್ಪನೆಯದನ್ನು ಸುತ್ತಿಕೊಟ್ಟ. ಹಳೆಯದಕ್ಕೂ ಇದಕ್ಕೂ ಇದ್ದ ವ್ಯತ್ಯಾಸದಲ್ಲಿ ಎರಡು ಪ್ಯಾಕೆಟ್ ಬಿಸ್ಕತ್ತೂ ಬರುತ್ತಿರಲಿಲ್ಲ. ಮಾವ ಬರುವಷ್ಟರಲ್ಲಿ ಹೊಸದನ್ನು ಹಾಕಿ, ಹಳೆಯದನ್ನು ತುಂಡು ತುಂಡು ಮಾಡಿ ಕಸದ ಬುಟ್ಟಿಯ ತಳಕ್ಕೆ ತುರುಕಿ ಕೈ ತೊಳೆದುಕೊಂಡಿದ್ದೆ.

ಮರುದಿನ ನಾನು ಕೆಲಸದಿಂದ ಬಂದಾಗ ಮಾವ ಗೇಟಿನಲ್ಲೇ ನಿಂತಿದ್ದರು. "ಅಮ್ಮ, ಒಂದೂ ಇಲ್ಲ! ಇಡೀ ಸಿನಿಮಾ ನೋಡ್ದೆ, ಒಂದು ಚುಕ್ಕೆ ಇಲ್ಲ! ಡ್ರಾಪ್ಸ್ ಹತ್ತಿತು ನೋಡು!" ಎಂದು ನನ್ನ ಎರಡೂ ಕೈ ಹಿಡಿದುಕೊಂಡರು. "ಡ್ರಾಪ್ಸ್ ಎಲ್ಲಾ ನೆಪ. ನಿನ್ನ ಕೈಗುಣ ಕಣಮ್ಮ ಇದು."

ಹೇಳಲು ಬಾಯಿ ತೆರೆದೆ. ದೇವರಾಣೆಗೂ ತೆರೆದೆ. ಆಮೇಲೆ, ಇಷ್ಟು ಖುಷಿಯಲ್ಲಿದ್ದಾರೆ, ಯಾಕೆ ಕೆಡಿಸಲಿ ಎಂದುಕೊಂಡೆ. ಹೇಗೋ ವಾಸಿಯಾಯಿತಲ್ಲ, ಯಾವುದರಿಂದ ಆದರೇನು ಎಂದುಕೊಂಡೆ. ಇದೆಲ್ಲ ನನಗೆ ನಾನೇ ಹಚ್ಚಿಕೊಂಡ ಬೆಣ್ಣೆ. ನಿಜ ಏನೆಂದರೆ, ಇಡೀ ಪೇಟೆಗೆ ಬುದ್ಧಿ ಕಲಿಸುವ ಈ ಮಹಾತಾಯಿ ಎರಡು ಪ್ಯಾಕೆಟ್ ಬಿಸ್ಕತ್ತಿನ ಆಸೆಗೆ ಮಾವನ ಕೆಲಸ ಕಳೆದಳು ಎಂದು ಯಾರಿಗೂ ಗೊತ್ತಾಗುವುದು ನನಗೆ ಬೇಕಿರಲಿಲ್ಲ.

"ಎರಡು ತಿಂಗಳ ಕೋರ್ಸು ಪೂರ್ತಿ ಮಾಡೋಣ," ಎಂದು ಮಾವ ಅಂದು ಸಂಜೆಯೂ ಕುರ್ಚಿಯಲ್ಲಿ ತಲೆ ವಾಲಿಸಿದರು. ನಾನು ಹಾಕಿದೆ. ಮರುದಿನವೂ ಹಾಕಿದೆ. ಹೀಗೆ ಹತ್ತು ಸಂಜೆ, ಏನೂ ಆಗಿರದ ಕಣ್ಣಿಗೆ ಎಡಕ್ಕೊಂದು ಬಲಕ್ಕೊಂದು ಹನಿ. ಅವರು ಕೆಳಗಿನಿಂದ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಬಾಟಲಿಯ ತುದಿಯನ್ನು ನೋಡುತ್ತಿದ್ದೆ.

ಹನ್ನೊಂದನೆಯ ದಿನ ಭಾನುವಾರ. ಓನರು ಹೊಸಬರನ್ನು ತೆಗೆದುಕೊಂಡಿದ್ದರೂ ಮಾವನಿಗೆ ಸಂಜೆಯ ಪಾಠ ಕೊಡಲು ಒಪ್ಪಿದ್ದರು. ಪರೀಕ್ಷೆಗೆಂದು ಎರಡು ಬ್ರೇಕಿನ ಆ ಕಾರನ್ನೂ ಕೊಟ್ಟು ಕಳಿಸಿದ್ದರು. "ನೀನು ಓಡ್ಸು. ಕಲಿಯೋಳು ಅಂತ ಅಂದ್ಕೊಂಡು ಓಡ್ಸು. ನಾನು ಪಕ್ಕದಲ್ಲಿ ಕೂತು ನೋಡ್ತೀನಿ," ಎಂದರು ಮಾವ. ಇಸ್ತ್ರಿ ಅಂಗಿ, ಬೂಟಿಗೆ ಪಾಲಿಷ್. ಹೊಸದಾಗಿ ಕೆಲಸಕ್ಕೆ ಸೇರುವವರ ಸಡಗರ.

ಮೊದಲ ತಿರುವಿನಲ್ಲೇ ಕಾರು ಕುಕ್ಕರಿಸಿ ನಿಂತಿತು. ನಾನು ಬ್ರೇಕು ಮುಟ್ಟಿರಲಿಲ್ಲ. ಮಾವನ ಕಾಲು ಒತ್ತಿತ್ತು. "ನಾಯಿ ಬಂತಲ್ಲ," ಅಂದರು. ನಾಯಿ ಇರಲಿಲ್ಲ. ಎರಡು ಬೀದಿ ದಾಟಿದ ಮೇಲೆ ಮತ್ತೆ ಹಾಗೇ. "ಏನಾಯ್ತು ಮಾವ?" ಎಂದರೆ, "ಇಲ್ಲ, ಏನಿಲ್ಲ, ಹೋಗು," ಎಂದರು. ಅವರ ಹಣೆಯಲ್ಲಿ ಬೆವರು. ಮೂರನೆಯ ಸಲ ದೊಡ್ಡ ರಸ್ತೆಯ ನಡುವೆ, ಎದುರಿಗೆ ಖಾಲಿ ಟಾರು ಬಿಟ್ಟರೆ ಏನೂ ಇಲ್ಲದ ಕಡೆ, ಅವರು ಎಷ್ಟು ಜೋರಾಗಿ ಒತ್ತಿದರೆಂದರೆ ನನ್ನ ಎದೆ ಸ್ಟೀರಿಂಗಿಗೆ ಬಡಿಯಿತು. ಹಿಂದೆ ಬರುತ್ತಿದ್ದ ಲಾರಿ ಕಿರುಚಿಕೊಂಡು ಪಕ್ಕಕ್ಕೆ ಸರಿಯಿತು. ಡ್ರೈವರ್ ತಲೆ ಹೊರಗೆ ಹಾಕಿ ಬಾಯಿಗೆ ಬಂದಂತೆ ಬೈದುಕೊಂಡು ಹೋದ.

ಕಾರನ್ನು ಬದಿಗೆ ತಂದು ನಿಲ್ಲಿಸಿದೆ. ಮಾವ ತಮ್ಮ ಬ್ರೇಕಿನಿಂದ ಕಾಲು ತೆಗೆದು ಹಿಂದಕ್ಕೆಳೆದುಕೊಂಡರು.

"ಬಿಳೀದೇನೋ ಕಂಡ ಹಾಗಾಯ್ತು," ಎಂದರು. "ಕಾಣ್ತೋ ಇಲ್ವೋ, ಅದೂ ಗೊತ್ತಾಗ್ತಿಲ್ಲ. ಒಂದ್ಸಲ ಕೈಕೊಟ್ಟಿರೋ ಕಣ್ಣನ್ನ ಮತ್ತೆ ನಂಬೋದು ಹೇಗಮ್ಮ? ಇವತ್ತು ಆ ಲಾರಿ ನಿನ್ನ ಮೇಲೇ ಬರ್ತಿತ್ತು. ಬೇಡ. ನಾನು ಪೂರ್ತಿ ಬಿಟ್ಬಿಡ್ತೀನಿ."

"ಮಾವ, ನಿಮ್ಮ ಕಣ್ಣು ಯಾವತ್ತೂ ಕೈಕೊಟ್ಟಿಲ್ಲ."

"ಸಮಾಧಾನಕ್ಕೆ ಹೇಳ್ಬೇಡ ತಾಯಿ."

"ಸಮಾಧಾನ ಅಲ್ಲ ಮಾವ. ಕೇಬಲ್ಲು. ನಾನು ತಂದಿದ್ದ ಕೇಬಲ್ಲು ಸರಿ ಇರ್ಲಿಲ್ಲ. ಆ ಚುಕ್ಕೆ ಟೀವೀಲೇ ಇತ್ತು. ನಾನೇ ಕಣ್ಣಾರೆ ನೋಡ್ದೆ. ಅಂಗಡಿಯವನು ಬೇಡ ಅಂದ್ರೂ ಅಗ್ಗದ್ದನ್ನ ನಿಮ್ಮ ಬಾಕ್ಸಿಗೆ ಹಾಕ್ದೆ. ಕೇಬಲ್ ಬದಲಾಯಿಸ್ದೆ, ಚುಕ್ಕೆ ಹೋಯ್ತು. ಡ್ರಾಪ್ಸಿಂದ ಅಲ್ಲ."

ಒಂದೇ ಉಸಿರಿಗೆ ಹೇಳಿ ಮುಗಿಸಿ ಅಳತೊಡಗಿದೆ.

"ಅಂದ್ರೆ ನನ್ನ ಕಣ್ಣು ಸರಿ ಇದೆ?"

"ಇದೆ ಮಾವ. ಮೊದಲಿಂದಲೂ ಇದೆ."

"ಕೇಬಲ್ ಯಾವಾಗ ಬದಲಾಯಿಸ್ದೆ?"

"ಹತ್ತು ದಿನ ಆಯ್ತು."

ಅವರು ಆಗ ನನ್ನ ಕಡೆ ತಿರುಗಿದರು. ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನಾನು ಹೇಗೋ ತಡೆದುಕೊಳ್ಳುತ್ತಿದ್ದೆ. "ಕೇಬಲ್ಲಿನ ಮಾತು ಬಿಡು, ಯಾರಿಗಾದ್ರೂ ಆಗುತ್ತೆ. ಗೊತ್ತಾದ್ಮೇಲೂ ಹತ್ತು ದಿನ ನನ್ನ ಕಣ್ಣಿಗೆ ಡ್ರಾಪ್ಸ್ ಹಾಕಿದ್ಯಲ್ಲಮ್ಮ. ಅದು ಯಾಕೆ?"

"ಬೈತೀರಿ ಅಂತ ಹೆದರ್ಕೊಂಡೆ."

"ಇಷ್ಟು ವರ್ಷದಲ್ಲಿ ಯಾವತ್ತಾದ್ರೂ ಬೈದಿದ್ದೀನಾ?"

"ಇಲ್ಲ."

ಅವರು ಬಾಗಿಲು ತೆಗೆದು ಇಳಿದರು, ಕಾರಿನ ಮುಂದಿನಿಂದ ಸುತ್ತಿ ಬಂದು ನನ್ನ ಬಾಗಿಲು ತೆರೆದರು. "ಆ ಕಡೆ ಹೋಗು," ಎಂದರು. ನಾನು ಮೇಷ್ಟ್ರ ಸೀಟಿನಲ್ಲಿ ಕುಳಿತು, ಆ ಬ್ರೇಕು ತಾಗದಂತೆ ಕಾಲು ಮಡಚಿಕೊಂಡೆ. ಮಾವ ಕನ್ನಡಿ ಸರಿಮಾಡಿಕೊಂಡು ಕಾರು ಹೊರಡಿಸಿದರು. ಮೊದಲು ನಿಧಾನಕ್ಕೆ, ಆಮೇಲೆ ಮಾಮೂಲಿ ವೇಗದಲ್ಲಿ. ಸ್ವಲ್ಪ ದೂರ ಹೋದ ಮೇಲೆ ಅವರು ಏನೋ ಗೊಣಗುವುದು ಕೇಳಿಸಿತು. ಅವರು ಓದುತ್ತಿದ್ದರು. ಮುಂದೆ ಹೋಗುವ ಗಾಡಿಯ ನಂಬರು, ಔಷಧಿ ಅಂಗಡಿಯ ಬೋರ್ಡು, ಅದರ ಕೆಳಗೆ ಸಣ್ಣ ಅಕ್ಷರದಲ್ಲಿದ್ದ ಫೋನ್ ನಂಬರು, ಕಂಬಕ್ಕೆ ಅಂಟಿಸಿದ ಬಾಡಿಗೆ ಮನೆಯ ಚೀಟಿ, ಬಸ್ಸಿನ ಬೆನ್ನ ಮೇಲಿನ ಜಾಹೀರಾತು. ಕಣ್ಣಿಗೆ ಬಿದ್ದ ಒಂದನ್ನೂ ಬಿಡದೆ, ಶಾಲೆಗೆ ಹೊಸದಾಗಿ ಸೇರಿದ ಮಗುವಿನಂತೆ ಬಿಡಿಸಿ ಬಿಡಿಸಿ ಓದಿದರು. ಮನೆ ಬರುವವರೆಗೂ ಓದಿದರು. ಆ ದಾರಿಯುದ್ದಕ್ಕೂ ನನ್ನೊಂದಿಗೆ ಅವರು ಒಂದು ಮಾತೂ ಆಡಲಿಲ್ಲ.